ಕೇರಳದ ಪ್ಯಾಂಕ್ರಿಯಾಟೈಟಿಸ್: ಮರಗೆಣಸಿನ ಮೇಲೆ ಹೊರಿಸಿದ ತಪ್ಪು, ಜೀನ್ ಹೇಳಿದ ಅರ್ಧ ಕಥೆ

ಕೇರಳದ ಆಸ್ಪತ್ರೆಗಳಿಗೆ 1950-60ರ ದಶಕಗಳಲ್ಲಿ ಒಂದೇ ಬಗೆಯ ರೋಗಿಗಳು ಮತ್ತೆ ಮತ್ತೆ ಬರುತ್ತಿದ್ದರು. ಹೆಚ್ಚಿನವರು ಬಡವರು, ಮೂಳೆ ಕಾಣುವಷ್ಟು ಸೊರಗಿದವರು, ವಯಸ್ಸು ಹದಿನೈದೋ ಇಪ್ಪತ್ತೈದೋ. ಚಿಕ್ಕವರಿದ್ದಾಗಿನಿಂದಲೂ ಹೊಟ್ಟೆನೋವು. ಬಂದರೆ ಬೇಗ ಬಿಡುವುದಿಲ್ಲ, ಬೆನ್ನಿಗೂ ಹರಡುತ್ತದೆ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಡೆದುಕೊಳ್ಳಬಹುದು. ಕೆಲವರಲ್ಲಿ ವರ್ಷಗಳು ಕಳೆದಂತೆ ನೋವು ತಾನಾಗಿ ಕಡಿಮೆಯಾಗುತ್ತಿತ್ತು, ಸದ್ಯ ವಾಸಿಯಾಯಿತಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಸಕ್ಕರೆ ಕಾಯಿಲೆ ಶುರುವಾಗಿರುತ್ತಿತ್ತು. ಹೊಟ್ಟೆಯ ಎಕ್ಸ್‌ರೇ ತೆಗೆದರೆ ಬೆನ್ನುಮೂಳೆಯ ಅಕ್ಕಪಕ್ಕ ಬಿಳಿ ಕಲ್ಲುಗಳು. ಅವು ಪಿತ್ತಕೋಶದ ಕಲ್ಲುಗಳಲ್ಲ, ಮೂತ್ರಪಿಂಡದವೂ ಅಲ್ಲ. ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ನಾಳದೊಳಗೆ ಕಟ್ಟಿಕೊಂಡ ಸುಣ್ಣದ ಕಲ್ಲುಗಳು.

ಈ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ದಾಖಲೆ ಇಟ್ಟು, 1968ರಲ್ಲಿ ಪುಸ್ತಕವಾಗಿ ತಂದವರು ಕೇರಳದ ವೈದ್ಯ ಪಿ.ಜೆ. ಗೀವರ್ಗೀಸ್. ಬಾಲ್ಯದಲ್ಲಿ ನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ಬಾಳಿ ಬದುಕಬೇಕಾದ ವಯಸ್ಸಿನಲ್ಲಿ ಸಾವು: ಅವರು ಈ ಕಾಯಿಲೆಯ ಹಾದಿಯನ್ನು ಕಂಡದ್ದು ಹೀಗೆ. ಅವರಿಗಿಂತ ಮೊದಲು, 1959ರಲ್ಲಿ, ಜುಯ್ಡೆಮಾ ಎಂಬ ವೈದ್ಯರು ಇಂಡೋನೇಷ್ಯಾದ ಬಡ ರೋಗಿಗಳಲ್ಲಿ ಇಂಥದ್ದೇ ಚಿತ್ರಣ ಬರೆದಿದ್ದರು. ಆದರೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಈ ಕಾಯಿಲೆ ಕಂಡದ್ದು ಕೇರಳದಲ್ಲೇ. ಟ್ರಾಪಿಕಲ್ ಕ್ಯಾಲ್ಸಿಫಿಕ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಉಷ್ಣವಲಯದಲ್ಲಿ ಕಾಣುವ, ಸುಣ್ಣದ ಕಲ್ಲು ಕಟ್ಟುವ ಪ್ಯಾಂಕ್ರಿಯಾಸ್ ಉರಿಯೂತ ಎಂಬ ಹೆಸರು ನಿಂತಿತು. ದಕ್ಷಿಣ ಭಾರತದಲ್ಲಿ ಒಂದು ಲಕ್ಷ ಜನರಲ್ಲಿ 114ರಿಂದ 200 ಮಂದಿಗೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದೆ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಇದು ಹಲವು ಪಟ್ಟು ಜಾಸ್ತಿ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಪ್ಯಾಂಕ್ರಿಯಾಟೈಟಿಸ್ ಅಂದ ಕೂಡಲೇ ನಮ್ಮಲ್ಲಿ ಬರುವ ಮೊದಲ ಪ್ರಶ್ನೆ “ಕುಡೀತಾರಾ?” ಎಂಬುದು. ಕುಡಿಯುವುದಿಲ್ಲ ಅಂತ ಗೊತ್ತಾದ ಮೇಲೆ “ಏನು ತಿಂತಿದ್ರು?”. ಈಗೀಗ ಮೂರನೆಯದೂ ಸೇರಿದೆ: “ಜೀನ್‌ನಲ್ಲೇ ಬಂದಿದೆಯಂತೆ, ಏನು ಮಾಡೋಕಾಗುತ್ತೆ?”. ಕೇರಳದ ರೋಗಿಗಳು ಈ ಮೂರೂ ಮಾತುಗಳನ್ನು ಕೇಳಿದ್ದಾರೆ. ಮೂರರಲ್ಲಿ ಒಂದೂ ಪೂರ್ತಿ ನಿಜವಲ್ಲ.

ಮರಗೆಣಸು ಯಾಕೆ ಸಿಕ್ಕಿಬಿತ್ತು

ಮರಗೆಣಸು ಕೇರಳದ ಮೂಲ ಬೆಳೆಯಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬರಗಾಲಕ್ಕೆ ಆಸರೆಯಾಗಲಿ ಎಂದು ಅದನ್ನು ಬೆಳೆಯಲು ಜನರಿಗೆ ಉತ್ತೇಜನ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಮರಗೆಣಸು. ಅಲ್ಲಿನವರು ಕಪ್ಪ ಅನ್ನುತ್ತಾರೆ, ಮೀನು ಸಾರಿನ ಜೊತೆ ಇವತ್ತಿಗೂ ಪ್ರೀತಿಯಿಂದ ತಿನ್ನುತ್ತಾರೆ.

ವೈದ್ಯರು ನೋಡಿದ್ದು ಏನು? ರೋಗಿಗಳು ಬಡವರು, ಬಡವರು ತಿನ್ನುವುದು ಮರಗೆಣಸು, ಅದರಲ್ಲಿ ಲಿನಮರಿನ್ ಎಂಬ ವಸ್ತು ಇದೆ, ಅದು ಒಡೆದರೆ ಸೈನೈಡ್ ಹುಟ್ಟುತ್ತದೆ. ಹೆಚ್ಚಿಕೊಂಡು ಬೇಯಿಸಿ ನೀರು ಬಸಿದರೆ ಸೈನೈಡ್ ಬಹುಪಾಲು ಹೋಗುತ್ತದೆ. ಉಳಿದದ್ದನ್ನು ನಮ್ಮ ದೇಹ ಗಂಧಕವಿರುವ ಅಮೈನೋ ಆಮ್ಲಗಳ ಸಹಾಯದಿಂದ ಥಯೋಸೈನೇಟ್ ಆಗಿ ಬದಲಾಯಿಸಿ ಹೊರಹಾಕುತ್ತದೆ. ಆ ಅಮೈನೋ ಆಮ್ಲಗಳು ಬರುವುದು ಪ್ರೋಟೀನ್‌ನಿಂದ. ಹಾಗಾಗಿ ಪ್ರೋಟೀನ್ ಸಿಗದ ಬಡವನಿಗೆ ಸೈನೈಡ್ ಕಳೆಯಲು ಆಗದೆ ಪ್ಯಾಂಕ್ರಿಯಾಸ್ ಹಾಳಾಗುತ್ತದೆ ಎಂದು ವಾದ ಕಟ್ಟಿದರು. ಕೇಳುವುದಕ್ಕೆ ಎಷ್ಟು ಸರಿಯಾಗಿದೆ ನೋಡಿ. ಒಂದೊಂದು ತುಂಡೂ ನಿಜ. ಒಟ್ಟು ಸೇರಿಸಿ ಮಾಡಿದ ತೀರ್ಮಾನ ಮಾತ್ರ ನಿಲ್ಲಲಿಲ್ಲ.

ಯಾಕೆ ಅಂದರೆ, ಆಫ್ರಿಕಾದಲ್ಲಿ ಇದಕ್ಕಿಂತ ಜಾಸ್ತಿ ಮರಗೆಣಸು ತಿನ್ನುವ ಪ್ರದೇಶಗಳಿವೆ, ಅಲ್ಲೆಲ್ಲ ಈ ಕಾಯಿಲೆ ಅದೇ ಪ್ರಮಾಣದಲ್ಲಿ ಇಲ್ಲ. ಇನ್ನೊಂದು ಕಡೆ, ಮರಗೆಣಸನ್ನು ಊಟವಾಗಿ ತಿನ್ನದ ಉತ್ತರ ಭಾರತದಲ್ಲೂ ಇಂಥ ರೋಗಿಗಳಿದ್ದಾರೆ. ಕರ್ನಾಟಕದ ಮಾತೂ ಅಷ್ಟೆ. ರಾಗಿ, ಜೋಳ, ಅನ್ನ ತಿಂದು ಬೆಳೆದವರಿಗೂ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಬಂದಿದೆ. 1994ರಲ್ಲಿ ತಿರುವನಂತಪುರದ ವೈದ್ಯರು ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿ ನೋಡಿ, ಮರಗೆಣಸಿಗೂ ಈ ಕಾಯಿಲೆಗೂ ಸಂಬಂಧ ಕಾಣುತ್ತಿಲ್ಲ ಎಂದು ಪ್ರಕಟಿಸಿದರು. ಚೆನ್ನೈನಲ್ಲಿ ಇಲಿಗಳಿಗೆ ದೀರ್ಘಕಾಲ ಮರಗೆಣಸು ತಿನ್ನಿಸಿ ನೋಡಿದ ಪ್ರಯೋಗದಲ್ಲೂ ಪ್ಯಾಂಕ್ರಿಯಾಟೈಟಿಸ್ ಬರಲಿಲ್ಲ.

ಅಪೌಷ್ಟಿಕತೆಯ ವಾದ ಇನ್ನೂ ಗಟ್ಟಿಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಈ ಸಕ್ಕರೆ ಕಾಯಿಲೆಯನ್ನು ಅಪೌಷ್ಟಿಕತೆಗೆ ಸಂಬಂಧಿಸಿದ ಡಯಾಬಿಟಿಸ್ ಎಂಬ ಗುಂಪಿಗೆ ಸೇರಿಸಿತ್ತು. 1999ರಲ್ಲಿ ಆ ಗುಂಪನ್ನೇ ಕೈಬಿಟ್ಟು, ಇದನ್ನು ಪ್ಯಾಂಕ್ರಿಯಾಸ್ ರೋಗಗಳಿಂದ ಬರುವ ಡಯಾಬಿಟಿಸ್‌ಗಳ ಸಾಲಿಗೆ ಸೇರಿಸಿತು. ರೋಗಿ ಸೊರಗಿದ್ದಾನೆ, ಸರಿ. ಆದರೆ ಊಟ ಕಂಡರೆ ನೋವಿನ ಭಯ, ತಿಂದರೂ ಕೊಬ್ಬು ಜೀರ್ಣವಾಗದು, ಮೇಲೆ ಸಕ್ಕರೆ ಕಾಯಿಲೆ ಬೇರೆ: ಇಷ್ಟೆಲ್ಲ ಇದ್ದವನು ಸೊರಗದೆ ಇರುತ್ತಾನಾ? ಸೊರಗುವುದು ಕಾಯಿಲೆಯ ಕಾರಣವೋ ಫಲವೋ ಎಂದು ಬಿಡಿಸಿ ಹೇಳುವುದು ಕಷ್ಟ. ಬಹಳ ವರ್ಷ ಇದನ್ನು ಕಾರಣ ಅಂತಲೇ ಎಣಿಸಲಾಯಿತು. ಹಾಗೆ ಎಣಿಸಿದ್ದರಿಂದ ಮನೆಯವರು, ಅದರಲ್ಲೂ ತಾಯಂದಿರು, ನಾವೇ ಮಗುವಿಗೆ ಸರಿಯಾಗಿ ಹಾಕಲಿಲ್ಲ ಎಂಬ ಕೊರಗು ಹೊತ್ತುಕೊಂಡರು. ಅದು ಅನ್ಯಾಯ.

ಕೆಂಟಕಿಯ ಕುಟುಂಬ ಮತ್ತು ಒಂದೇ ಜೀನ್

ಜೀನ್ ಕಡೆಯ ಸುಳಿವು ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ. ಮೇಯೋ ಕ್ಲಿನಿಕ್‌ನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ 1952ರಲ್ಲೇ ಒಂದು ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಪ್ಯಾಂಕ್ರಿಯಾಟೈಟಿಸ್ ಬರುತ್ತಿದೆ ಎಂದು ಬರೆದಿದ್ದರು. ಯಾವ ಜೀನ್ ಎಂದು ಗೊತ್ತಾಗಲು ನಲವತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಪಿಟ್ಸ್‌ಬರ್ಗ್‌ನ ಡೇವಿಡ್ ವಿಟ್‌ಕೂಂಬ್ ಮತ್ತು ಜೊತೆಗಾರರು ಕೆಂಟಕಿ ರಾಜ್ಯದ ಒಂದು ದೊಡ್ಡ ಕುಟುಂಬದ ರಕ್ತ ಪರೀಕ್ಷಿಸಿ, 1996ರಲ್ಲಿ 7ನೇ ಕ್ರೋಮೋಸೋಮ್‌ನಲ್ಲಿರುವ ಪಿಆರ್‌ಎಸ್‌ಎಸ್1 ಎಂಬ ಜೀನ್‌ನಲ್ಲಿ ತಪ್ಪು ಹಿಡಿದರು. ಈಗ ಆರ್122ಎಚ್ ಎಂದು ಕರೆಯುವ ಬದಲಾವಣೆ ಅದು.

ಇದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಲ್ಲಿ ಸುಮಾರು 80% ಜನರಿಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಚಿಕ್ಕವರಿದ್ದಾಗಲೇ. ಜೀನ್‌ನಿಂದ ಬಂದ ಕಾಯಿಲೆ ಅಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರ ಇದೇ. ಹಾಗಾಗಿ ಭಾರತದ ಸಂಶೋಧಕರೂ ಮೊದಲು ಈ ಜೀನ್‌ ಕಡೆಗೇ ಕಣ್ಣು ಹಾಯಿಸಿದರು. ಕೇರಳದ ಬಗೆಯ ರೋಗಿಗಳಲ್ಲಿ ಅದು ಸಿಗಲಿಲ್ಲ.

ಟ್ರಿಪ್ಸಿನ್ ಸುತ್ತ ಇರುವ ಕಾವಲು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇದು ತಿಳಿದರೆ ಉಳಿದದ್ದೆಲ್ಲ ಸುಲಭ.

ಪ್ಯಾಂಕ್ರಿಯಾಸ್ ಎರಡು ಕೆಲಸ ಮಾಡುತ್ತದೆ. ಇನ್ಸುಲಿನ್ ಮಾಡಿ ರಕ್ತಕ್ಕೆ ಬಿಡುವುದು ಒಂದು. ಊಟ ಜೀರ್ಣವಾಗಲು ರಸ ಮಾಡಿ ಸಣ್ಣಕರುಳಿಗೆ ಕಳಿಸುವುದು ಇನ್ನೊಂದು. ಆ ರಸದಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಇರುತ್ತದೆ. ಮಾಂಸ, ಬೇಳೆ, ಮೊಟ್ಟೆ, ಯಾವ ಪ್ರೋಟೀನ್ ಸಿಕ್ಕರೂ ಕತ್ತರಿಸುವ ಕಿಣ್ವ. ನಮ್ಮ ಪ್ಯಾಂಕ್ರಿಯಾಸ್ ಕೂಡ ಪ್ರೋಟೀನ್‌ನಿಂದಲೇ ಆದದ್ದು ಅಲ್ವಾ? ಹಾಗಾಗಿ ಅದನ್ನು ಟ್ರಿಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ ತಯಾರಿಸಿ ಇಡುತ್ತದೆ, ಕರುಳಿಗೆ ತಲುಪಿದ ಮೇಲೆ ಅಲ್ಲಿನ ಇನ್ನೊಂದು ಕಿಣ್ವ ಅದನ್ನು ಎಬ್ಬಿಸುತ್ತದೆ. ಗ್ರಂಥಿಯ ಒಳಗೇ ಟ್ರಿಪ್ಸಿನ್ ಎದ್ದರೆ ಅದು ಬೇರೆ ಕಿಣ್ವಗಳನ್ನೂ ಎಬ್ಬಿಸಿ ಗ್ರಂಥಿಯನ್ನೇ ಜೀರ್ಣಿಸಲು ಶುರು ಮಾಡುತ್ತದೆ. ಪ್ಯಾಂಕ್ರಿಯಾಸ್ ತನ್ನನ್ನು ತಾನೇ ತಿನ್ನುತ್ತದೆ ಎಂಬ ವಿಚಾರವನ್ನು ಹಾನ್ಸ್ ಕಿಯಾರಿ 1896ರಲ್ಲೇ ಮುಂದಿಟ್ಟಿದ್ದರು. ನೂರು ವರ್ಷದ ನಂತರ ಕೆಂಟಕಿಯ ಕುಟುಂಬದಲ್ಲಿ ಸಿಕ್ಕ ಜೀನ್, ಅಚ್ಚರಿ ಎನ್ನುವಂತೆ, ಟ್ರಿಪ್ಸಿನೋಜೆನ್ ಮಾಡುವ ಜೀನೇ ಆಗಿತ್ತು.

ಒಳಗೆ ಅಲ್ಪಸ್ವಲ್ಪ ಟ್ರಿಪ್ಸಿನ್ ಎಲ್ಲರಲ್ಲೂ ಆಗಾಗ ಏಳುತ್ತದೆ. ಅದನ್ನು ಹಿಡಿದು ನಿಲ್ಲಿಸಲು ದೇಹದಲ್ಲಿ ಹಲವು ಏರ್ಪಾಡುಗಳಿವೆ. ಕೆರೆ ಇದ್ದಂತೆ ಅಂದುಕೊಳ್ಳಿ: ನೀರು ಬರುವುದನ್ನು ನಿಲ್ಲಿಸಲಾಗದು, ಆದರೆ ತೂಬು ಇದೆ, ಕೋಡಿ ಇದೆ, ಗಟ್ಟಿ ಏರಿ ಇದೆ. ಒಂದು ಕೋಡಿ ಕಿರಿದಾದ ಮಾತ್ರಕ್ಕೆ ಏರಿ ಒಡೆಯುವುದಿಲ್ಲ, ಜೋರು ಮಳೆಯೂ ಅದೇ ವರ್ಷ ಬರಬೇಕು.

ಈ ಏರ್ಪಾಡುಗಳಲ್ಲಿ ಮುಖ್ಯವಾದದ್ದು ಸ್ಪಿಂಕ್1. ಇದು ಟ್ರಿಪ್ಸಿನ್‌ಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುವ ಪುಟ್ಟ ಪ್ರೋಟೀನ್. ಗ್ರಂಥಿಯಲ್ಲಿ ಏಳಬಹುದಾದ ಟ್ರಿಪ್ಸಿನ್‌ನ ಸುಮಾರು 20% ಭಾಗವನ್ನು ಮಾತ್ರ ಇದು ಹಿಡಿಯಬಲ್ಲದು, ಮೊದಲ ಕಾವಲು ಅಷ್ಟೆ. ಅದರಾಚೆ ಸಿಟಿಆರ್‌ಸಿ ಎಂಬ ಇನ್ನೊಂದು ಕಿಣ್ವ ಟ್ರಿಪ್ಸಿನೋಜೆನ್ ಅನ್ನೇ ಕಡಿದು ಹಾಕುತ್ತದೆ. ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುವ ಒಂದು ಜಾಗವೂ ಇದೆ, ಕೆಂಟಕಿಯ ಕುಟುಂಬದಲ್ಲಿ ಕೆಟ್ಟಿದ್ದು ಆ ಜಾಗವೇ. ಇನ್ನು ನಾಳದಲ್ಲಿ ನೀರು ಮತ್ತು ಬೈಕಾರ್ಬೊನೇಟ್ ಚೆನ್ನಾಗಿ ಹರಿದರೆ ರಸ ಗಟ್ಟಿಯಾಗದೆ ಬೇಗ ಹೊರಗೆ ಹೋಗುತ್ತದೆ, ಅದನ್ನು ನೋಡಿಕೊಳ್ಳುವುದು ಸಿಎಫ್‌ಟಿಆರ್ ಜೀನ್. ಅದರ ಎರಡೂ ಪ್ರತಿಗಳು ತೀರಾ ಕೆಟ್ಟರೆ ಶ್ವಾಸಕೋಶವನ್ನೂ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ, ಅಷ್ಟು ಕೆಡದೆ ಸೌಮ್ಯವಾಗಿ ಕೆಟ್ಟವರಲ್ಲಿ ಪ್ಯಾಂಕ್ರಿಯಾಟೈಟಿಸ್ ಅಪಾಯ ಜಾಸ್ತಿ ಎಂದು 1998ರಲ್ಲಿ ಗೊತ್ತಾಯಿತು.

ಸ್ಪಿಂಕ್1ರ ಸುದ್ದಿ ಬಂದದ್ದು 2000ದಲ್ಲಿ, ಜರ್ಮನಿಯಿಂದ. ಹೈಕೊ ವಿಟ್ ಮತ್ತು ಜೊತೆಗಾರರು ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದ್ದ 96 ಮಕ್ಕಳು ಮತ್ತು ಹದಿಹರೆಯದವರನ್ನು ಪರೀಕ್ಷಿಸಿದಾಗ 18 ಮಂದಿಯ ಸ್ಪಿಂಕ್1 ಜೀನ್‌ನಲ್ಲಿ ಎನ್34ಎಸ್ ಎಂಬ ಒಂದೇ ಬದಲಾವಣೆ ಸಿಕ್ಕಿತು. ಒಬ್ಬರಿಗೊಬ್ಬರು ನೆಂಟರಲ್ಲದ ಮಕ್ಕಳು ಇವರು. ಭಾರತದ ಪ್ರಯೋಗಾಲಯಗಳು ಕೂಡಲೇ ಇದನ್ನು ಕೈಗೆತ್ತಿಕೊಂಡವು.

2002ರಲ್ಲಿ ಸಿಕ್ಕ ಉತ್ತರ, ಅದರ ಮಿತಿ

ಒಂದೇ ವರ್ಷದಲ್ಲಿ ಬೇರೆ ಬೇರೆ ಕಡೆಯಿಂದ ಒಂದೇ ಉತ್ತರ ಬಂತು. ಲಖನೌದ ಸಂಜಯ್ ಗಾಂಧಿ ಸಂಸ್ಥೆಯ ತಂಡ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಇದ್ದ 66 ಜನರಲ್ಲಿ ಹುಡುಕಿದಾಗ ಸುಮಾರು 44% ರೋಗಿಗಳಲ್ಲಿ ಎನ್34ಎಸ್ ಇತ್ತು. ಆರೋಗ್ಯವಂತರಲ್ಲಿ ಅದು 2%ರ ಆಸುಪಾಸು. ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಚಂಡಕ್ ಅವರ ತಂಡವೂ ಅದೇ ಮಾತು ಹೇಳಿತು: ಈ ಕಾಯಿಲೆಗೆ ನಂಟು ಇರುವುದು ಸ್ಪಿಂಕ್1ಕ್ಕೆ, ಪಿಆರ್‌ಎಸ್‌ಎಸ್1ಕ್ಕೆ ಅಲ್ಲ. ಚೆನ್ನೈ ಮತ್ತು ಬಾಂಗ್ಲಾದೇಶದ ರೋಗಿಗಳಲ್ಲೂ ನಂಟು ಕಂಡಿತು.

ಇಷ್ಟು ಬಡತನ, ಇಷ್ಟು ಮರಗೆಣಸು, ಇಷ್ಟು ಪ್ರೋಟೀನ್ ಲೆಕ್ಕ ಹಾಕಿದ ಮೇಲೆ, ಸುಮಾರು ಅರ್ಧ ರೋಗಿಗಳಲ್ಲಿ ಹುಟ್ಟಿನಿಂದಲೇ ಇರುವ ಒಂದು ಬದಲಾವಣೆ ಸಿಕ್ಕಿದ್ದು ದೊಡ್ಡ ತಿರುವು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ತಾಯಂದಿರಿಗೆ ಸಿಕ್ಕ ಬಿಡುಗಡೆ. ನೀವು ಬಡಿಸಿದ ಊಟವೊಂದರಿಂದಲೇ ಇದು ಬರಲಿಲ್ಲ ಎಂದು ಹೇಳಲು ಮೊದಲ ಸಲ ಕೈಯಲ್ಲಿ ಆಧಾರ ಸಿಕ್ಕಿತು.

ಆದರೆ ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ ಬಹಳ ಜನ ಜಾರುತ್ತಾರೆ. ರೋಗಿಗಳಲ್ಲಿ 44% ಜನರಿಗೆ ಎನ್34ಎಸ್ ಇದೆ ಅಂದರೆ, ಎನ್34ಎಸ್ ಇದ್ದವರಲ್ಲಿ 44% ಜನರಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷ ಜನ ತೆಗೆದುಕೊಳ್ಳಿ. 2% ಅಂದರೆ ಸುಮಾರು 2,000 ಜನರಲ್ಲಿ ಎನ್34ಎಸ್ ಇರುತ್ತದೆ. ಆ ಲಕ್ಷದಲ್ಲಿ ರೋಗಿಗಳು, ದೊಡ್ಡ ಅಂದಾಜನ್ನೇ ಹಿಡಿದರೂ, 200. ಆ 200ರಲ್ಲಿ ಎಲ್ಲರನ್ನೂ ಟ್ರಾಪಿಕಲ್ ಬಗೆಯವರೆಂದೇ ಹಿಡಿದು 44% ತೆಗೆದರೆ 88 ಜನ. ಅಂದರೆ ಎನ್34ಎಸ್ ಇರುವ 2,000 ಜನರಲ್ಲಿ ರೋಗಿಗಳು 88. ನೂರಕ್ಕೆ ಐದೂ ಇಲ್ಲ. ಇದು ಒರಟು ಲೆಕ್ಕವೇ, ಆದರೂ ವಿಷಯ ಸ್ಪಷ್ಟ: ಈ ಬದಲಾವಣೆ ಹೊತ್ತವರಲ್ಲಿ ಹೆಚ್ಚಿನವರು ಏನೂ ಆಗದೆ ಬದುಕುತ್ತಾರೆ, ತಮಗೆ ಇದೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ಕೆಂಟಕಿಯ 80% ಎಲ್ಲಿ, ಇದು ಎಲ್ಲಿ? ಎರಡನ್ನೂ ವಂಶವಾಹಿ ಕಾಯಿಲೆ ಎಂಬ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ರೋಗಿಯ ಮನೆಯವರಿಗೆ ಸುಮ್ನೆ ಭಯ ಹುಟ್ಟಿಸಿದಂತೆ.

ಇನ್ನೂ ಒಂದು ಗಂಟು ಇದೆ. ಪ್ರಯೋಗಾಲಯದಲ್ಲಿ ಎನ್34ಎಸ್ ಇರುವ ಸ್ಪಿಂಕ್1 ಪ್ರೋಟೀನನ್ನು ತಯಾರಿಸಿ ನೋಡಿದರೆ ಅದು ಟ್ರಿಪ್ಸಿನ್ ಅನ್ನು ಮಾಮೂಲಿನಂತೆಯೇ ಹಿಡಿಯುತ್ತದೆ! ಹಾಗಾದರೆ ತೊಂದರೆ ಎಲ್ಲಿದೆ? ಎನ್34ಎಸ್ ಇದ್ದವರಲ್ಲಿ ಅದರ ಜೊತೆಯಲ್ಲೇ ಬರುವ ಇನ್ನೊಂದು ಬದಲಾವಣೆ ಇದೆ. ಅದು ಜೀನ್‌ನಿಂದ ಸ್ವಲ್ಪ ದೂರದಲ್ಲಿ, ಜೀನ್ ಎಷ್ಟು ಕೆಲಸ ಮಾಡಬೇಕು ಎಂದು ನಿರ್ಧರಿಸುವ ಭಾಗದಲ್ಲಿದೆ. ಪ್ರೋಟೀನ್ ಸರಿಯಾಗೇ ಇದ್ದು ಅದರ ಪ್ರಮಾಣ ಕಡಿಮೆಯಾಗುವುದೇ ತೊಂದರೆ ಎಂಬ ಕಡೆಗೆ ಈಚಿನ ಕೆಲಸ ಬೆರಳು ತೋರಿಸುತ್ತದೆ.

ಉಳಿದ ಅರ್ಧದಷ್ಟು ರೋಗಿಗಳ ವಿಷಯ? ಅಲ್ಲಿ ಬೇರೆ ಜೀನ್‌ಗಳು ಒಂದೊಂದಾಗಿ ಸೇರಿಕೊಂಡವು. ಟ್ರಿಪ್ಸಿನೋಜೆನ್ ಎಬ್ಬಿಸಬಲ್ಲ ಕೆಥೆಪ್ಸಿನ್-ಬಿ ಜೀನ್‌ನಲ್ಲಿ ಒಂದು ಬದಲಾವಣೆಗೂ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್‌ಗೂ ನಂಟಿದೆ ಎಂದು ಹೈದರಾಬಾದಿನಿಂದ 2006ರಲ್ಲಿ ವರದಿಯಾಯಿತು. 2008ರಲ್ಲಿ ಸಿಟಿಆರ್‌ಸಿಯ ಅಧ್ಯಯನದಲ್ಲಿ ಭಾರತದ 71 ರೋಗಿಗಳ ಪೈಕಿ 10 ಮಂದಿಯಲ್ಲಿ ಬದಲಾವಣೆ ಸಿಕ್ಕಿತು, ಹೋಲಿಕೆಗೆ ತೆಗೆದುಕೊಂಡ 84 ಆರೋಗ್ಯವಂತರಲ್ಲಿ ಒಬ್ಬರಲ್ಲಿ ಮಾತ್ರ. 2012ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಎಕ್ಸ್ ಕ್ರೋಮೋಸೋಮ್‌ನಲ್ಲಿರುವ ಕ್ಲಾಡಿನ್-2 ಜೀನ್ ಹತ್ತಿರದ ಒಂದು ಬದಲಾವಣೆಗೂ ಕುಡಿತದಿಂದ ಬರುವ ಪ್ಯಾಂಕ್ರಿಯಾಟೈಟಿಸ್‌ಗೂ ನಂಟು ತೋರಿಸಿತು. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅವರಿಗೆ ಒಂದು ಪ್ರತಿ ಬಂದರೂ ಸಾಕು, ಹೆಂಗಸರಿಗೆ ಎರಡೂ ಬರಬೇಕು. ಕುಡಿಯುವವರೆಲ್ಲರಿಗೂ ಈ ಕಾಯಿಲೆ ಯಾಕೆ ಬರುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಒಂದು ಸಣ್ಣ ಉತ್ತರ ಅದು. ಕುಡಿತದ ಪ್ರಕರಣದಲ್ಲೂ ಜೀನ್ ಇದೆ, ಜೀನ್‌ನ ಪ್ರಕರಣದಲ್ಲೂ ಹೊರಗಿನ ಕಾರಣ ಇದೆ.

ಕಾಯಿಲೆ ಬದಲಾಯಿತು, ಜೀನ್ ಬದಲಾಗಲಿಲ್ಲ

ಈ ಪ್ರಕರಣದಲ್ಲಿ ಜೀನ್‌ಗಿಂತ ದೊಡ್ಡ ಸಾಕ್ಷಿ ಕೇರಳವೇ ಕೊಟ್ಟಿದೆ. ಗೀವರ್ಗೀಸ್ ಕಂಡ ರೋಗಿಗಳು ಇವತ್ತು ಅಪರೂಪ. ದಶಕಗಳು ಕಳೆದಂತೆ ಅಲ್ಲಿನ ಜನರ ಊಟ ಸುಧಾರಿಸಿತು, ಆಸ್ಪತ್ರೆಗಳು ಹತ್ತಿರವಾದವು, ಮಕ್ಕಳು ಚೆನ್ನಾಗಿ ಬೆಳೆದರು. ಅದರ ಜೊತೆಗೇ ಕಾಯಿಲೆ ಶುರುವಾಗುವ ವಯಸ್ಸು ಮೇಲೆ ಹೋಯಿತು, ತೀವ್ರತೆ ಕಡಿಮೆಯಾಯಿತು, ಆಯುಸ್ಸು ಹೆಚ್ಚಿತು. ಕೊಚ್ಚಿಯ ವಿ. ಬಾಲಕೃಷ್ಣನ್ ಮತ್ತು ಜೊತೆಗಾರರು ದೇಶದ ಹಲವು ಆಸ್ಪತ್ರೆಗಳಿಂದ 1,086 ರೋಗಿಗಳ ಮಾಹಿತಿ ಸೇರಿಸಿ 2008ರಲ್ಲಿ ಪ್ರಕಟಿಸಿದಾಗ, ಹಳೆಯ ವಿವರಣೆಗೆ ಪೂರ್ತಿ ಹೊಂದುವ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಇದ್ದವರು 3.8% ಮಾತ್ರ. ಅವರನ್ನೂ ಸೇರಿಸಿ ಸುಮಾರು 60% ಜನರಲ್ಲಿ ಕಾರಣ ಗೊತ್ತಾಗಲಿಲ್ಲ, ಸುಮಾರು 39% ಕುಡಿತದಿಂದ ಬಂದದ್ದು.

ನಲವತ್ತೈವತ್ತು ವರ್ಷದಲ್ಲಿ ಒಂದು ನಾಡಿನ ಜೀನ್‌ಗಳು ಬದಲಾಗುವುದಿಲ್ಲ. ಅಜ್ಜನಲ್ಲಿದ್ದ ಎನ್34ಎಸ್ ಮೊಮ್ಮಗನಲ್ಲೂ ಇದೆ. ಅಜ್ಜ ಇಪ್ಪತ್ತೈದಕ್ಕೆ ತೀರಿಕೊಂಡ ಕಾಯಿಲೆ ಮೊಮ್ಮಗನಿಗೆ ಮೂವತ್ತೈದಕ್ಕೆ ಸೌಮ್ಯವಾಗಿ ಶುರುವಾಗುತ್ತದೆ, ಅಥವಾ ಬರುವುದೇ ಇಲ್ಲ, ಅಂದರೆ ನಡುವೆ ಬದಲಾದದ್ದು ಊಟ, ಬದುಕು, ಚಿಕಿತ್ಸೆ. ಹಾಗಾಗಿ ಅಪೌಷ್ಟಿಕತೆ ಅಂದ ಹಿರಿಯ ವೈದ್ಯರನ್ನು ಪೂರ್ತಿ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಅವರು ಕಂಡದ್ದು ನಿಜವೇ. ಅದೊಂದನ್ನೇ ಕಾರಣ ಎಂದು ಹಿಡಿದದ್ದು ತೊಂದರೆ ಕೊಟ್ಟಿತು. ಜೀನ್ ಸಿಕ್ಕ ಮೇಲೆ ಅದೊಂದನ್ನೇ ಹಿಡಿದು ಕೂತರೆ ನಾವೂ ಅದನ್ನೇ ಮಾಡಿದಂತೆ.

ಹೊರಗಿನ ಕಾರಣಗಳಲ್ಲಿ ಎಲ್ಲರೂ ಮರೆಯುವುದು ಬೀಡಿ, ಸಿಗರೇಟು. ಕುಡಿಯದವರಲ್ಲೂ ಹೊಗೆ ತಾನಾಗಿಯೇ ಪ್ಯಾಂಕ್ರಿಯಾಟೈಟಿಸ್ ಅಪಾಯ ಹೆಚ್ಚಿಸುತ್ತದೆ, ಕಲ್ಲು ಕಟ್ಟುವುದನ್ನೂ ಸಕ್ಕರೆ ಕಾಯಿಲೆಯನ್ನೂ ಬೇಗ ತರುತ್ತದೆ. ಕುಡಿತ ಬಿಡಿ ಎಂದು ಹತ್ತು ಸಲ ಹೇಳುವ ಮನೆಯವರು ಬೀಡಿಯ ವಿಷಯದಲ್ಲಿ ಹೋಗಲಿ ಬಿಡು ಅನ್ನುತ್ತಾರೆ. ಅನ್ನಬಾರದು. ವಂಶದಿಂದ ಬರುವ ಪಿಆರ್‌ಎಸ್‌ಎಸ್1 ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಪಾಯ ಬಹಳ ಹೆಚ್ಚು, 70 ವರ್ಷದ ಹೊತ್ತಿಗೆ 40% ಎಂದು 1997ರ ಒಂದು ಅಧ್ಯಯನ ಅಂದಾಜಿಸಿತ್ತು. ಅಂಥವರು ಸಿಗರೇಟು ಸೇದಿದರೆ ಕ್ಯಾನ್ಸರ್ ಸುಮಾರು 20 ವರ್ಷ ಮುಂಚೆಯೇ ಬರುತ್ತದೆ. ಕೇರಳದ ಬಗೆಯ ರೋಗಿಗಳಲ್ಲೂ ಕ್ಯಾನ್ಸರ್ ಅಪಾಯ ಸಾಮಾನ್ಯ ಜನರಿಗಿಂತ ಬಹಳ ಪಟ್ಟು ಹೆಚ್ಚು ಎಂದು 1990ರ ದಶಕದ ಅಧ್ಯಯನಗಳು ತೋರಿಸಿವೆ. ಹಳೆಯ ರೋಗಿಗೆ ಇದ್ದಕ್ಕಿದ್ದಂತೆ ತೂಕ ಇಳಿದರೆ, ಕಾಮಾಲೆ ಕಂಡರೆ, ಇಷ್ಟು ದಿನ ಇಲ್ಲದ ನೋವು ಮತ್ತೆ ಶುರುವಾದರೆ ಹಳೆಯ ಕಾಯಿಲೆಯೇ ಅಂತ ಬಿಡದೆ ತಕ್ಷಣ ತೋರಿಸಬೇಕು.

ಮನೆಯವರ ಪ್ರಶ್ನೆಗಳು

ಮೊದಲನೆಯದು, ಕಾಯಿಲೆ ಗುರುತಿಸುವುದೇ ತಡವಾಗುತ್ತದೆ. ನಮ್ಮಲ್ಲಿ ಹೊಟ್ಟೆನೋವು ಅಂದರೆ ಎಲ್ಲವೂ ಗ್ಯಾಸ್ಟ್ರಿಕ್. ಮಗು ಮತ್ತೆ ಮತ್ತೆ ಮೇಲ್ಹೊಟ್ಟೆ ನೋವು ಅನ್ನುತ್ತದೆ, ಬೆನ್ನಿಗೂ ಬರುತ್ತದೆ, ಬಾಗಿ ಕೂರುತ್ತದೆ, ಊಟ ಮಾಡಿದ ಮೇಲೆ ಜಾಸ್ತಿಯಾಗುತ್ತದೆ, ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆಯಲ್ಲೇ ಎರಡು ವರ್ಷ ಕಳೆಯುತ್ತದೆ. ಸ್ಕೂಲಿಗೆ ಹೋಗದಿರಲು ನೆಪ ಅಂತ ಬೈಸಿಕೊಂಡ ಮಕ್ಕಳೂ ಇದ್ದಾರೆ. ನೋವು ಬಂದಾಗಲೇ ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಪ್ಯಾಂಕ್ರಿಯಾಸ್‌ನ ಕಿಣ್ವಗಳನ್ನು ನೋಡಿಸಬೇಕು, ಹೊಟ್ಟೆಯ ಸ್ಕ್ಯಾನ್ ಆಗಬೇಕು. ಹಾಗೇ, ಮೂವತ್ತು ದಾಟದ, ತೆಳ್ಳಗಿರುವವರಿಗೆ ಸಕ್ಕರೆ ಕಾಯಿಲೆ ಬಂದು ಹಿಂದೆ ಹೊಟ್ಟೆನೋವಿನ ಇತಿಹಾಸ ಇದ್ದರೆ ಪ್ಯಾಂಕ್ರಿಯಾಸ್ ನೋಡದೆ ಟೈಪ್ 1, ಟೈಪ್ 2 ಅಂತ ತೀರ್ಮಾನಿಸಬಾರದು. ಈ ಬಗೆಯ ಡಯಾಬಿಟಿಸ್‌ನಲ್ಲಿ ಸಕ್ಕರೆ ಎಷ್ಟೇ ಏರಿದರೂ ಟೈಪ್ 1ರಂತೆ ಕೀಟೋನ್ ಏರುವುದು ಅಪರೂಪ, ಆದರೂ ಹೆಚ್ಚಿನವರಿಗೆ ಇನ್ಸುಲಿನ್ ಬೇಕಾಗುತ್ತದೆ.

ಚಿಕಿತ್ಸೆ ಇದೆ. ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್, ಊಟಕ್ಕೆ ಮೊದಲೋ ನಂತರವೋ ಅಲ್ಲ, ಊಟದ ಮಧ್ಯೆಯೇ ನುಂಗಬೇಕು, ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಮಲ ಎಣ್ಣೆಎಣ್ಣೆಯಾಗಿ ತೇಲುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಎಂದರ್ಥ, ಆಗ ಎ, ಡಿ, ಇ, ಕೆ ವಿಟಮಿನ್‌ಗಳೂ ಕಡಿಮೆಯಾಗುತ್ತವೆ. ನಾಳದ ಕಲ್ಲುಗಳನ್ನು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡಿ ಎಂಡೋಸ್ಕೋಪಿಯಿಂದ ತೆಗೆಯುತ್ತಾರೆ. ಅದಕ್ಕೆ ಬಗ್ಗದಿದ್ದರೆ ಆಪರೇಷನ್.

ಇನ್ನು ಜೀನ್ ಟೆಸ್ಟ್. ಯಾರಿಗೆ ಮಾಡಿಸಬೇಕು? ಕಾರಣ ಗೊತ್ತಿಲ್ಲದೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದ ರೋಗಿಗೆ, ಅಥವಾ ಮನೆಯಲ್ಲಿ ಎರಡು ಮೂರು ತಲೆಮಾರಿನಲ್ಲಿ ಇದ್ದರೆ, ಮಾಡಿಸುವುದರಲ್ಲಿ ಅರ್ಥವಿದೆ. ಪಿಆರ್‌ಎಸ್‌ಎಸ್1 ಸಿಕ್ಕರೆ ಮನೆಯವರೆಲ್ಲರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಕೂತು ಮಾತಾಡಬೇಕು. ಸಿಎಫ್‌ಟಿಆರ್ ಸಿಕ್ಕರೆ ಶ್ವಾಸಕೋಶವನ್ನೂ ನೋಡಿಸಬೇಕಾಗುತ್ತದೆ. ಸ್ಪಿಂಕ್1 ಸಿಕ್ಕರೆ ರೋಗಿಗೆ ಒಂದು ವಿವರಣೆ ಸಿಗುತ್ತದೆ, ಕುಡಿತದ ಆರೋಪದಿಂದ ಬಿಡುಗಡೆ ಸಿಗುತ್ತದೆ, ಅಷ್ಟರ ಮಟ್ಟಿಗೆ ಅದು ದೊಡ್ಡದೇ.

ಆರೋಗ್ಯವಾಗಿರುವ ಅಣ್ಣ, ತಂಗಿ, ಮಕ್ಕಳಿಗೆ ಸುಮ್ಮನೆ ಸ್ಪಿಂಕ್1 ಟೆಸ್ಟ್ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಹೊಂದಿರುವವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ರೋಗಿಯ ಒಡಹುಟ್ಟಿದವರಿಗೆ ಅಪಾಯ ಸಾಮಾನ್ಯರಿಗಿಂತ ಜಾಸ್ತಿ ಇರಬಹುದು, ಹಂಚಿಕೊಂಡ ಬೇರೆ ಜೀನ್‌ಗಳೂ ಇರುತ್ತವೆ, ಹಂಚಿಕೊಂಡ ಮನೆಯೂ ಇರುತ್ತದೆ. ಆದರೆ ರಿಪೋರ್ಟ್‌ನಲ್ಲಿ ಇದೆ ಅಂತ ಬಂದರೂ ಇಲ್ಲ ಅಂತ ಬಂದರೂ ಮಾಡಬೇಕಾದದ್ದು ಒಂದೇ: ಹೊಗೆ ಬೇಡ, ಹೆಂಡ ಬೇಡ, ಹೊಟ್ಟೆನೋವು ಬಂದರೆ ಬೇಗ ತೋರಿಸುವುದು. ಅದಕ್ಕೆ ಟೆಸ್ಟ್ ಯಾಕೆ? ಮದುವೆಗೆ ಬಂದ ಹುಡುಗಿಯ ಮನೆಯಲ್ಲಿ ಈ ರಿಪೋರ್ಟ್ ಕೈ ಬದಲಾಯಿಸಿದರೆ ಏನಾಗುತ್ತದೆ ಎಂದು ನಾವೆಲ್ಲ ಬಲ್ಲೆವು. ಆ ಹುಡುಗಿಗೆ ಕಾಯಿಲೆ ಬರುವುದು ಅಪರೂಪ, ಸಂಬಂಧ ಮುರಿಯುವುದು ಖಂಡಿತ.

ನೆಂಟಸ್ತಿಕೆಯ ಮದುವೆಯ ಬಗ್ಗೆ ಕೇಳುವವರಿದ್ದಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದಲ್ಲೂ ತಮಿಳುನಾಡು, ಆಂಧ್ರದಲ್ಲೂ ಇದೆ. ಒಂದೇ ಬದಲಾವಣೆ ಗಂಡನಲ್ಲೂ ಹೆಂಡತಿಯಲ್ಲೂ ಇದ್ದು ಮಗುವಿಗೆ ಎರಡೂ ಪ್ರತಿ ಹೋಗುವ ಸಾಧ್ಯತೆ ಅಂಥ ಮದುವೆಯಲ್ಲಿ ಹೆಚ್ಚು, ಇದು ಎಲ್ಲ ಜೀನ್‌ಗಳಿಗೂ ಅನ್ವಯಿಸುವ ಮಾತು. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಚಿಕ್ಕಂದಿನಲ್ಲೇ ಪ್ಯಾಂಕ್ರಿಯಾಟೈಟಿಸ್ ಬಂದಿದ್ದರೆ, ಒಳಗೊಳಗೇ ಮದುವೆ ಮಾಡುವ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ ಬರುವುದು ಒಳ್ಳೆಯದು. ಹೋಗುವಾಗ ರೋಗಿಯ ಹಳೆಯ ಸ್ಕ್ಯಾನ್, ಡಿಸ್‌ಚಾರ್ಜ್ ಚೀಟಿಗಳ ಜೊತೆಗೆ, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಹೊಟ್ಟೆನೋವು, ಯಾರಿಗೆ ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು, ಯಾರು ಚಿಕ್ಕ ವಯಸ್ಸಿಗೇ ತೀರಿಕೊಂಡರು ಎಂದು ಮೂರು ತಲೆಮಾರಿನ ಪಟ್ಟಿ ಬರೆದುಕೊಂಡು ಹೋಗಿ. ಅಜ್ಜಿಯರನ್ನು ಕೇಳಿದರೆ ಅದು ಸಿಗುತ್ತದೆ, ಯಾವ ಟೆಸ್ಟ್ ಬೇಕು ಎಂದು ಕೌನ್ಸೆಲರ್ ಮೊದಲು ನೋಡುವುದೂ ಅದನ್ನೇ.